ಹಳದಿಗೆ ತಿರುಗಿದ ಪೆಟ್ಟು

ಹಂದಿಯ ಉಸಿರು ಮುಂಗೈಗೆ ಬಿಸಿಬಿಸಿಯಾಗಿ ತಾಗುತ್ತಿದೆ, ಹುಳಿ ಅನ್ನದ ವಾಸನೆ, ನಿನ್ನೆ ಸಂಜೆಯಿಂದ ಇದಕ್ಕೆ ಎಂತದ್ದೂ ಹಾಕಬೇಡಿ ಅಂತ ಅಷ್ಟು ಹೇಳಿದರೂ ಯಾರೋ ಪಾತ್ರೆಯ ತಳದ್ದು ಸುರಿದಿದ್ದಾರೆ, ಇಮೆಲ್ಡಾಳೇ, ಇನ್ಯಾರು, ಸಾಯುವ ಪ್ರಾಣಿಯನ್ನು ಹಸಿದ ಹೊಟ್ಟೆಯಲ್ಲಿ ಕಳಿಸಬಾರದಂತೆ, ಮೂವತ್ತೆರಡು ವರ್ಷದಿಂದ ಹೇಳಿ ಹೇಳಿ ಗಂಡನ ಬಾಯಿ ಒಣಗಿತು, ಹೊಟ್ಟೆ ತುಂಬಿದ ಹಂದಿಯ ಕರುಳು ತೊಳೆಯುವ ಕರ್ಮ ಅವಳಿಗೇನು ಗೊತ್ತು — ಪಾಸ್ಕಲ್ ಎಡಗೈಯ ಹೆಬ್ಬೆರಳನ್ನು ಹಂದಿಯ ಕುತ್ತಿಗೆಯ ಗುಂಡಿಯಲ್ಲಿಟ್ಟು ಅಲ್ಲಿಂದ ಕೆಳಕ್ಕೆ ನಾಲ್ಕು ಬೆರಳು ಅಳೆದ, ಇಲ್ಲೇ, ಚರ್ಮದ ಅಡಿಯಲ್ಲಿ ಡಬಡಬ ಅನ್ನುತ್ತ ಉಂಟು, ಚೂರಿ ಓರೆಯಾಗಿ ಹೋಗಬೇಕು, ಒಂದೇ ಸಲ, ಹೋದದ್ದು ಅದಕ್ಕೆ ಗೊತ್ತಾಗುವ ಮೊದಲೇ ಮುಗಿದಿರಬೇಕು, ಕಾರ್ಕಳದ ಈ ವಾರ್ಡಿನ ಹದಿನೆಂಟು ಕ್ರಿಶ್ಚನ್ ಮನೆಗಳಲ್ಲಿ ಕ್ರಿಸ್‌ಮಸ್ಸಿಗಾಗಲಿ ಹೊಸವರ್ಷಕ್ಕಾಗಲಿ ಹಂದಿ ಕಡಿಯಲು ಪಾಸ್ಕಲನನ್ನೇ ಕರೆಯುವುದು ಸುಮ್ಮನೆ ಅಲ್ಲ, ಬೇರೆಯವರು ಕಡಿದರೆ ಊರಿಡೀ ಬೊಬ್ಬೆ, ಪಾಸ್ಕಲ್ ಕಡಿದರೆ ಹಿತ್ತಲಿನ ಕೋಳಿ ಕೂಡ ತಲೆ ಎತ್ತುವುದಿಲ್ಲ, ಎರಡನೇ ಸಲ ಚೂರಿ ಹಾಕಿದ್ದು ಇವತ್ತಿನವರೆಗೆ ಇಲ್ಲ. ಇವತ್ತು ಮೂವತ್ತೊಂದು, ಬೆಳಿಗ್ಗೆ ಎಂಟು ಗಂಟೆ, ಹಂಡೆಯಲ್ಲಿ ನೀರು ಕುದಿಯುತ್ತಿದೆ, ಮುಂಗಾಲಿನ ಹಗ್ಗ ಎಳೆದು ಹಿಡಿದವನು ಪಕ್ಕದ ಮನೆಯ ದೇವದಾಸ, ಅವನ ಹೆಂಡತಿ ಮೋಹಿನಿ ಹಂದಿಮಾಂಸವನ್ನು ಮನೆಯೊಳಗೆ ಸೇರಿಸುವುದಿಲ್ಲ, ಹಾಗಾಗಿ ಅವನು ಪ್ರತಿವರ್ಷ ಇಲ್ಲೇ ಜಗಲಿಯಲ್ಲಿ ಕೂತು ನಾಲ್ಕು ತುಂಡು ತಿಂದು ಬಾಯಿ ತೊಳೆದು ಹೋಗುವುದು. ಹಿಂಗಾಲು ಎರಡನ್ನೂ ಅದುಮಿ ಕೂತವನು ಸ್ಯಾಮ್ಸನ್. ಅಳಿಯ. ಟೀನಾಳ ಗಂಡ. ಕುಂಕುಮ ಬಣ್ಣದ ಬನಿಯನ್ನು, ಬರ್ಮುಡಾ, ಕೈಯಲ್ಲಿ ದೊಡ್ಡ ವಾಚು, ಅವನ ಬಲಗೈ ಹಂದಿಯ ಕಾಲನ್ನು ಸುತ್ತಿ ಹಿಡಿದಿದೆ, ನಾಲ್ಕು ಬೆರಳು ಈ ಕಡೆ, ಹೆಬ್ಬೆರಳು ಆ ಕಡೆ, ನೋಡಬಾರದು ನೋಡಬಾರದು ಅಂತ ಅಂದುಕೊಂಡೇ ಪಾಸ್ಕಲ್ ಆ ಬೆರಳುಗಳನ್ನೇ ನೋಡುತ್ತಾನೆ, ಉದ್ದ, ಬೆಳ್ಳಗೆ, ಗಿಟಾರ್ ಬಾರಿಸುವ ಬೆರಳು, ಒಂದೊಂದನ್ನೇ ಹಲಗೆಯ ಮೇಲಿಟ್ಟು ಕಡಿದರೆ ಎಷ್ಟು ಹೊತ್ತು ಬೇಕು, ಎಲುಬು ಸಣ್ಣದು, ಹಂದಿಯ ಗೊರಸಿನಷ್ಟೂ ಕಷ್ಟವಿಲ್ಲ. ಚೂರಿ ಕೈಯಲ್ಲೇ ಉಂಟು, ಇವನು ಎರಡು ಮೊಳ ದೂರದಲ್ಲಿದ್ದಾನೆ. ಮಧ್ಯಾಹ್ನ ಊಟ ಮಾಡಿ ಇವರಿಬ್ಬರು ಮಣಿಪಾಲದ ಫ್ಲ್ಯಾಟಿಗೆ ಹೊರಡುತ್ತಾರೆ, ಎರಡನೇ ತಾರೀಕಿಗೆ ಬಹರೈನಿಗೆ ವಿಮಾನ, ಟೀನಾಳ ವೀಸಾ ಬಂದಾಗಿದೆ, ಅಲ್ಲಿ ಮುಚ್ಚಿದ ಬಾಗಿಲು, ಎಸಿ ಹಾಕಿದ ಕೋಣೆ, ಕೂಗಿದರೆ ಕೇಳಲು ದೇವದಾಸನೂ ಇಲ್ಲ ಮೋಹಿನಿಯೂ ಇಲ್ಲ. ಹೇಳುವುದಿದ್ದರೆ ಈಗ ಹೇಳಬೇಕು, ಮಾಡುವುದಿದ್ದರೆ ಈಗ ಮಾಡಬೇಕು, ಊಟದ ನಂತರ ಕಾರಿನ ಬಾಗಿಲು ಹಾಕಿದರೆ ಮುಗಿಯಿತು.

ಎಷ್ಟು ಚಂದದಲ್ಲಿ ಬಂದಿದ್ದರು ಇಪ್ಪತ್ತೆರಡಕ್ಕೆ, ಕಾರಿನ ಡಿಕ್ಕಿಯಲ್ಲಿ ಕೇಕು, ಮಾವನಿಗೆ ಒಂದು ಬಾಟ್ಲಿ, ಅತ್ತೆಗೆ ಮಿಕ್ಸಿ, ಪಪ್ಪಾ ನೀವು ಏಣಿ ಹತ್ತಬೇಡಿ ನಾನು ಹತ್ತುತ್ತೇನೆ ಅಂತ ಹಲಸಿನ ಮರಕ್ಕೆ ಹತ್ತಿ ನಕ್ಷತ್ರದ ಗೂಡುದೀಪ ಕಟ್ಟಿದವನು ಇವನೇ, ಅಳಿಯ ಅಂದರೆ ಇಂಥವನಿರಬೇಕು ಅಂತ ನೆರೆಕರೆಯವರೆಲ್ಲ ಹೇಳಿ ಹೇಳಿ ಪಾಸ್ಕಲನ ಎದೆ ಎರಡು ಅಂಗುಲ ಮುಂದೆ ಬಂದಿತ್ತು. ಗೋದಲಿಗೆ ಅಂತ ಪಾಸ್ಕಲ್ ಮೊದಲೇ ತೆಂಗಿನ ಗೆರಟೆಯಲ್ಲಿ ರಾಗಿ ಬಿತ್ತಿ ಹಸಿರು ಬರಿಸಿದ್ದ, ಬಾಲಯೇಸುವನ್ನು ಮಲಗಿಸುವ ಆ ಹುಲ್ಲಿನ ಕೊಟ್ಟಿಗೆಯನ್ನು ಸ್ಯಾಮ್ಸನ್ ಎಷ್ಟು ನಯವಾಗಿ ಜೋಡಿಸಿದ, ಕುರಿ ಇಲ್ಲಿ, ಒಂಟೆ ಅಲ್ಲಿ, ಮಾತೆ ಮರಿಯಳ ಮೂಗಿನ ಧೂಳನ್ನು ಬೆರಳ ತುದಿಯಲ್ಲಿ ಒರೆಸಿದ, ಅದೇ ಬೆರಳು. ಅಮ್ಮ ಮಗಳು ಎರಡು ದಿನ ಒಲೆಯ ಮುಂದೆ, ಹಬ್ಬದ ತಿಂಡಿ, ಕುಸ್ವಾರ್ ಅಂದರೆ ಅಷ್ಟು ಸುಲಭವಾ, ಕಿಡಿಯೋ ಉರುಟಬೇಕು, ನೆವ್ರಿಗೆ ಎಳ್ಳು ಬೆಲ್ಲ ತುಂಬಬೇಕು, ಚಕ್ಕುಲಿ, ತುಕ್ಡಿ, ಎಣ್ಣೆಯ ಬಿಸಿಗೆ ಇಮೆಲ್ಡಾ ಸೆರಗಿನಿಂದ ಕುತ್ತಿಗೆ ಒರೆಸಿ ಒರೆಸಿ ಸೋತಳು, ಟೀನಾ ಮಾತ್ರ ಮಣಿಕಟ್ಟಿನವರೆಗೆ ತೋಳಿರುವ ಅಂಗಿ, ಎಂತ ಮಗಾ ಇದು, ಸೆಕೆ ಆಗುವುದಿಲ್ವಾ, ಕೇಳಿದ್ದು ಪಾಸ್ಕಲ್, ಉತ್ತರ ಕೊಟ್ಟದ್ದು ಇಮೆಲ್ಡಾ, ಈಗ ಅದೇ ಫ್ಯಾಷನ್ ಅಲ್ವಾ, ನಿಮಗೆಂತ ಗೊತ್ತು. ಮೋಹಿನಿಯ ಮನೆಗೆ ತಟ್ಟೆ ಹೋಯಿತು, ಅವಳು ಯಾವತ್ತೂ ತಟ್ಟೆಯನ್ನು ಖಾಲಿ ತಿರುಗಿಸುವವಳಲ್ಲ, ಸಕ್ಕರೆ ತುಂಬಿ ಕಳಿಸಿದಳು. ಇಗರ್ಜಿಯಲ್ಲಿ ಸ್ಯಾಮ್ಸನ್ ಹಾಡಿದ ಮೇಲೆ ಫಾದರ್ ಬಂದು ಕೈ ಕುಲುಕಿದರು, ಪಾಸ್ಕಲಣ್ಣ, ಇಂಥ ಅಳಿಯನನ್ನು ಎಲ್ಲಿ ಹುಡುಕಿದಿರಿ. ಇಪ್ಪತ್ತಾರಕ್ಕೆ ಮಣಿಪಾಲ, ಎಂಡ್ ಪಾಯಿಂಟಿನಲ್ಲಿ ಕೆಳಗೆ ಸ್ವರ್ಣೆ ಹೊಳೆ ಬಳುಕಿಕೊಂಡು ಹೋಗುವುದನ್ನು ನೋಡುತ್ತ ನಾಲ್ಕೂ ಜನ ಐಸ್‌ಕ್ರೀಮ್ ತಿಂದದ್ದು, ಟೀನಾ ಎಂತದೋ ಹೇಳಲು ಶುರು ಮಾಡಿದಳು, ಪಪ್ಪಾ ಮೊನ್ನೆ ಫ್ಲ್ಯಾಟಿನಲ್ಲಿ ಎಂತ ಆಯಿತು ಅಂದರೆ — ಸ್ಯಾಮ್ಸನ್ ಅವಳ ಕುತ್ತಿಗೆಯ ಹಿಂದೆ ಕೈ ಇಟ್ಟ, ಅಷ್ಟೇ, ಇಟ್ಟದ್ದು ಮಾತ್ರ, ಅವಳು ಅರ್ಧದಲ್ಲಿ ನಿಲ್ಲಿಸಿ ಐಸ್‌ಕ್ರೀಮ್ ನೆಕ್ಕಿದಳು. ಥೂ. ಆಗ ತಾನು ಎಂತ ಅಂದುಕೊಂಡದ್ದು, ಖುಷಿಪಟ್ಟದ್ದು, ಮದುವೆಗೆ ಮೊದಲು ಎಂಥ ಬಾಯಿ ಇತ್ತು ಈ ಹುಡುಗಿಗೆ, ಒಂದಕ್ಕೆ ಹತ್ತು ಹೇಳುವವಳು, ಈಗ ನೋಡು, ಗಂಡ ಒಂದು ಕೈ ಇಟ್ಟರೆ ಸಾಕು ಅಂತ ಇಮೆಲ್ಡಾಳ ಕಡೆ ನೋಡಿ ನಕ್ಕದ್ದೂ ಹೌದು, ಇಮೆಲ್ಡಾ ನಗಲಿಲ್ಲ, ಹೊಳೆ ನೋಡುತ್ತಿದ್ದಳು. ಇಪ್ಪತ್ತೇಳಕ್ಕೆ ಅತ್ತೂರು ಇಗರ್ಜಿಗೆ ಮೇಣದ ಬತ್ತಿ ಹಚ್ಚಲು, ವರ್ಷ ವರ್ಷದ ಪದ್ಧತಿ, ಇಮೆಲ್ಡಾ ಮೊಣಕಾಲೂರಿದವಳು ಏಳುವುದೇ ಇಲ್ಲ, ಎಷ್ಟು ಕೇಳುತ್ತೀ ಮಾರಾಯ್ತಿ, ಸಂತರಿಗೂ ಬೇರೆ ಜನ ಉಂಟು ಅಂತ ತಾನು ತಮಾಷೆ ಮಾಡಿದ್ದು. ಅವಳು ಏನು ಕೇಳುತ್ತಿದ್ದಳು ಅಂತ ಗೊತ್ತಾಗಲು ಮರುದಿನ ಆಗಬೇಕಾಯಿತು.

ಮರುದಿನ ಕಾಪು. ಟೀನಾ ಮಗುವಾಗಿದ್ದಾಗಿನಿಂದ ಇಪ್ಪತ್ತೆಂಟು ಅಂದರೆ ಕಾಪು, ಬುತ್ತಿಯಲ್ಲಿ ಸಾನ್ನಾಂ ಇಡ್ಲಿ, ಹಬ್ಬಕ್ಕೆ ಮಾಡಿ ಉಳಿದ ಬಾಫಾತ್ ಮಾಂಸ, ದೀಪಸ್ತಂಭದ ಬಂಡೆಯ ನೆರಳಿನಲ್ಲಿ ಕೂತು ತಿನ್ನುವುದು, ಆಮೇಲೆ ನೀರಿನಲ್ಲಿ ಕಾಲು ಹಾಕುವುದು, ಹೆಚ್ಚು ಮುಂದೆ ಹೋಗಬೇಡಿ ಅಂತ ಇಮೆಲ್ಡಾ ಬೊಬ್ಬೆ ಹಾಕುವುದು. ಸ್ಯಾಮ್ಸನ್ ಮೇಲೆ ದೀಪಸ್ತಂಭದ ಮೆಟ್ಟಿಲು ಹತ್ತಿ ಫೋಟೋ ತೆಗೆಯುತ್ತಿದ್ದ, ಒಂದು ದೊಡ್ಡ ತೆರೆ ಬಂದು ಟೀನಾಳನ್ನು ಮಗುಚಿ ಹಾಕಿತು, ಪಾಸ್ಕಲ್ ಓಡಿ ಹೋಗಿ ಎತ್ತಿದ, ಅವಳು ನಗುತ್ತಿದ್ದಳು, ಕೆಮ್ಮುತ್ತ ನಗುತ್ತ ಕೂದಲು ಹಿಂದೆ ತಳ್ಳಲು ಕೈ ಎತ್ತಿದಳು, ಒದ್ದೆ ತೋಳು ಮೇಲೆ ಹೋಯಿತು. ಮೊಣಕೈಯ ಮೇಲೆ ನಾಲ್ಕು ಗುರುತು. ಒಂದರ ಪಕ್ಕ ಒಂದು. ಪಾಸ್ಕಲನಿಗೆ ಯಾರೂ ವಿವರಿಸಬೇಕಾಗಿಲ್ಲ, ಇಡೀ ಊರಿಗೆ ಅವನು ಒಂದೇ ಪಾಠ ಹೇಳುವುದು, ಹಂದಿಯನ್ನು ತರುವಾಗ ಹೊಡೆಯಬೇಡಿ, ಕೋಲು ಮುಟ್ಟಿಸಬೇಡಿ, ಪೆಟ್ಟು ತಿಂದ ಕಡೆ ರಕ್ತ ಕಟ್ಟಿ ಮಾಂಸ ಕಪ್ಪಾಗುತ್ತದೆ, ಬಾಯಿಗೆ ಇಡಲು ಆಗುವುದಿಲ್ಲ, ಯಾರಾದರೂ ಹೊಡೆದು ತಂದರೆ ಚರ್ಮ ಸುಲಿದ ಕೂಡಲೇ ಹೇಳುತ್ತಾನೆ, ಇದು ನಿನ್ನೆಯದ್ದು, ಕೆಂಪು ಉಂಟು, ಇದು ಮೂರು ದಿನದ್ದು, ನೀಲಿ, ಇದು ವಾರ ಕಳೆದದ್ದು, ಹಳದಿಗೆ ತಿರುಗಿದೆ, ಸುಳ್ಳು ಹೇಳಬೇಡ, ಯಾವತ್ತು ಹೊಡೆದೆ. ಟೀನಾಳ ಕೈಯಲ್ಲಿ ಎರಡೂ ಇತ್ತು. ಕೆಳಗೆ ಹಳದಿ, ಎಂಟೋ ಒಂಬತ್ತೋ ದಿನದ್ದು, ಅದು ಮಣಿಪಾಲದ ಫ್ಲ್ಯಾಟಿನದ್ದು, ಅದರ ಮೇಲೆ ಕಡುನೀಲಿ, ಮೂರು ದಿನದ್ದು, ಮೂರು ದಿನ ಅಂದರೆ ಇಪ್ಪತ್ತೈದು, ಕ್ರಿಸ್‌ಮಸ್, ತನ್ನ ಮನೆ, ತನ್ನ ಮಾಡಿನ ಅಡಿಯಲ್ಲಿ. ಊಟವಾಗಿ ತಾನು ಜಗಲಿಯ ಆರಾಮ ಕುರ್ಚಿಯಲ್ಲಿ ಹೊಟ್ಟೆಯ ಮೇಲೆ ಕೈ ಇಟ್ಟು ಮಲಗಿದ್ದಾಗ ಒಳಕೋಣೆಯಲ್ಲಿ ಕ್ಯಾರಲ್ ಜೋರಾಗಿ ಹಾಕಿದ್ದು ಯಾರು, ಅದರ ನಡುವೆ ಧಡ್ ಅಂತ ಒಂದು ಶಬ್ದ, ಹಳೇ ಮಂಚದ ಕಾಲು ಮುರಿಯಿತೋ ಎಂತದೋ ಅಂದುಕೊಂಡು ಮಗ್ಗಲು ಬದಲಿಸಿದ್ದು, ಸಂಜೆ ಚಹಾ ತರುವಾಗ ಅವಳ ಕಣ್ಣು ಬಾತಿತ್ತು, ನಿದ್ದೆ ಹೆಚ್ಚಾಯಿತು ಪಪ್ಪಾ. ಮಂಚದ ಕಾಲು ಸರಿಯಾಗಿಯೇ ಉಂಟು, ಆಮೇಲೆ ಹೋಗಿ ನೋಡಿದ್ದೇನೆ. ಟೀನಾ ತಂದೆಯ ಕಣ್ಣು ಎಲ್ಲಿ ನಿಂತಿದೆ ಅಂತ ನೋಡಿ ತೋಳನ್ನು ಎಳೆದುಕೊಂಡಳು, ನಗು ಅಲ್ಲಿಗೆ ನಿಂತಿತು, ಮೇಲಿನಿಂದ ಸ್ಯಾಮ್ಸನ್ ಕೈ ಬೀಸುತ್ತಿದ್ದ, ಪಪ್ಪಾ ಈ ಕಡೆ ನೋಡಿ, ಸ್ಮೈಲ್ ಮಾಡಿ. ಅಲ್ಲಿಂದ ಒಂದು ತಳ್ಳು ಸಾಕಿತ್ತು, ಅಷ್ಟು ಎತ್ತರ, ಕೆಳಗೆ ಕರಿಬಂಡೆ, ಮಂಡೆ ತೆಂಗಿನಕಾಯಿ ಒಡೆದ ಹಾಗೆ ಹೋಳಾಗುತ್ತಿತ್ತು, ಜಾರಿದ ಅಂತ ಹೇಳಿದರೆ ನಂಬದವರು ಯಾರು. ತಾನು ಮಾತ್ರ ಎಂತ ಮಾಡಿದೆ, ಸ್ಮೈಲ್ ಮಾಡಿದೆ.

ಮನೆಗೆ ಬರುವ ದಾರಿಯಿಡೀ ಹಿಂದಿನ ಸೀಟಿನಿಂದ ಅವನ ಕುತ್ತಿಗೆಯ ನರವನ್ನೇ ನೋಡಿಕೊಂಡು ಬಂದದ್ದು, ಇಲ್ಲಿ ಹಾಕಿದರೆ ಎರಡು ನಿಮಿಷ, ಇಲ್ಲಿ ಹಾಕಿದರೆ ಅರ್ಧ ನಿಮಿಷ. ಸಂಜೆ ಇಮೆಲ್ಡಾ ಹಿತ್ತಲಿನ ಕಲ್ಲಿನ ಮೇಲೆ ಕೂತು ಮಲ್ಪೆಯಿಂದ ಬಂದ ಅಂಜಲ್ ಮೀನನ್ನು ಹೆಚ್ಚುತ್ತಿದ್ದಳು, ಪಾಸ್ಕಲ್ ಎದುರು ನಿಂತು ಕೇಳಿದ, ನಿನಗೆ ಗೊತ್ತಿತ್ತಾ. ಇಮೆಲ್ಡಾ ತಲೆ ಎತ್ತದೆ, ಗೊತ್ತಿತ್ತು. ಯಾವಾಗಿನಿಂದ. ಮದುವೆಯಾಗಿ ಎರಡನೇ ತಿಂಗಳಿನಿಂದ. ಎರಡು ವರ್ಷ ಆಯಿತಲ್ಲ, ನೀನು ಅವಳಿಗೆ ಎಂತ ಹೇಳಿದ್ದು. ಎಂತ ಹೇಳುವುದು, ಕೋಪ ಬಂದಾಗ ಎದುರು ನಿಲ್ಲಬೇಡ ಅಂದೆ, ಮೆಲ್ಲ ಮಾತಾಡು ಅಂದೆ, ಉದ್ದ ತೋಳಿನ ನಾಲ್ಕು ಅಂಗಿ ಹೊಲಿಸಿ ಕೊಟ್ಟೆ. ಹೊಲಿಸಿ ಕೊಟ್ಟಳಂತೆ, ಹಾಳಾದವಳು, ತಾಯಿಯಾ ಇವಳು, ಪಾಸ್ಕಲನ ಮೈಯೆಲ್ಲ ಉರಿದು ಹೋಯಿತು, ನನಗೆ ಯಾಕೆ ಹೇಳಲಿಲ್ಲ, ಈ ಮನೆಯಲ್ಲಿ ಗಂಡಸು ಅಂತ ಒಬ್ಬ ಇದ್ದಾನೆ ಅಂತ ನಿನಗೆ ನೆನಪಿಲ್ವಾ — ಕೈ ಎದ್ದಿತು, ಎದ್ದದ್ದು ಮಾತ್ರ, ಬೀಳಲಿಲ್ಲ, ದೇವರಾಣೆ ಬೀಳಲಿಲ್ಲ, ಇಮೆಲ್ಡಾ ಮೀನಿನ ಕತ್ತಿಯನ್ನು ಮೆಲ್ಲ ಪಕ್ಕಕ್ಕೆ ಸರಿಸಿ ಕುತ್ತಿಗೆಯನ್ನು ಹೆಗಲೊಳಗೆ ಎಳೆದುಕೊಂಡು ಕಾದಳು, ಬೀಳದ್ದನ್ನು ಕಂಡು ಮತ್ತೆ ಹೆಚ್ಚಲು ಶುರು ಮಾಡಿದಳು. ಇದೊಂದು ಅವಳದ್ದು, ಯಾವಾಗಿನದ್ದೋ ಇಟ್ಟುಕೊಂಡು ಸಾಯುವುದು, ಹೃದಯಕ್ಕೆ ಸ್ಟೆಂಟ್ ಹಾಕಿಸಿದ ಮೇಲೆ ಪಾಸ್ಕಲ್ ಯಾರ ಮೈಮೇಲೂ ಕೈ ಮಾಡಿಲ್ಲ, ಐದು ವರ್ಷ ಆಯಿತು, ಅದಕ್ಕೆ ಮೊದಲು ಕೂಡ ಎಂತ ದಿನಾ ಹೊಡೆಯುತ್ತಿದ್ದನಾ, ಕೋಪ ಬಂದಾಗ ಒಂದು ಪೆಟ್ಟು, ಕುಡಿದಾಗ ಎರಡು, ಗದ್ದೆ ಕೆಲಸ, ಕಡಿಯುವ ಕೆಲಸ, ಮೈ ಮುರಿದು ಬಂದವನಿಗೆ ಅನ್ನ ತಣ್ಣಗಿದ್ದರೆ ಯಾರಿಗೆ ಕೋಪ ಬರುವುದಿಲ್ಲ, ಆ ಕಾಲದಲ್ಲಿ ಯಾವ ಮನೆಯಲ್ಲಿ ಇರಲಿಲ್ಲ ಹೇಳಿ ನೋಡುವ. ಎದುರಿನ ಹಲ್ಲು ಹೋದದ್ದು ಬಾವಿಕಟ್ಟೆಯಲ್ಲಿ ಜಾರಿ. ಎಲ್ಲರಿಗೂ ಹಾಗೆಯೇ ಹೇಳಿದ್ದು, ಡಾಕ್ಟರಿಗೂ ಹಾಗೆಯೇ, ಇಮೆಲ್ಡಾಳೇ ಹೇಳಿದ್ದು, ಹೇಳಿ ಹೇಳಿ ಪಾಸ್ಕಲನಿಗೂ ಆ ಬಾವಿಕಟ್ಟೆಯ ಪಾಚಿ ಕಣ್ಣಿಗೆ ಕಟ್ಟಿದ ಹಾಗೆ ಉಂಟು. ಇವನದ್ದು ಹಾಗಲ್ಲ, ಇವನು ಹಾಡು ಹಾಕಿ ಹೊಡೆಯುವವನು, ಲೆಕ್ಕ ಹಾಕಿ ಬಟ್ಟೆ ಮುಚ್ಚುವ ಕಡೆ ಹಿಡಿಯುವವನು, ಇದು ಬೇರೆ, ಇದು ಬೇರೆಯೇ.

ಮೊನ್ನೆ ಇಪ್ಪತ್ತೊಂಬತ್ತಕ್ಕೆ ಉಡುಪಿಗೆ ಹೋದದ್ದು ಸೂಟ್‌ಕೇಸಿಗೆ ಅಂತ, ಬನ್ನಂಜೆಯ ಅಂಗಡಿಯ ಮುಂದೆ ಕಾರು ನಿಲ್ಲಿಸಲು ಜಾಗವಿಲ್ಲ, ಹಬ್ಬದ ಜನ, ಪ್ರವಾಸದ ಬಸ್ಸುಗಳು, ನೀವು ಇಳಿಯಿರಿ ನಾನು ಪಾರ್ಕ್ ಮಾಡಿ ಬರುತ್ತೇನೆ ಅಂದ ಸ್ಯಾಮ್ಸನ್, ಇಮೆಲ್ಡಾ ಹೊರಗೆ ಚಪ್ಪಲಿ ನೋಡುತ್ತಿದ್ದಳು, ಸಿಕ್ಕಿದ್ದು ಆ ಐದು ನಿಮಿಷ. ಇಡೀ ರಾತ್ರಿ ಮನಸ್ಸಿನೊಳಗೆ ಹೇಳಿ ಹೇಳಿ ಸಾಪು ಮಾಡಿಟ್ಟ ಮಾತನ್ನು ಕೇಳಿಯೇ ಬಿಟ್ಟ, ಮಗಾ, ಅವನು ನಿನಗೆ ಹೊಡೆಯುತ್ತಾನಾ. ಟೀನಾ ಒಂದು ಕಂದು ಸೂಟ್‌ಕೇಸಿನ ಜಿಪ್ಪು ತೆಗೆದಳು, ಹಾಕಿದಳು, ಮತ್ತೆ ತೆಗೆದಳು, ಇದು ಹೇಗುಂಟು ಪಪ್ಪಾ, ಚಕ್ರ ಗಟ್ಟಿ ಉಂಟಲ್ವಾ. ನಾನು ಕೇಳಿದ್ದಕ್ಕೆ ಹೇಳು. ಆಗ ಅವಳು ತಲೆ ಎತ್ತಿ ನೋಡಿದಳು, ನೋಡಿದ್ದು ಹೇಗೆ, ಕಂಡರಿಯದ ಒಬ್ಬ ಮನುಷ್ಯ ದಾರಿಯಲ್ಲಿ ನಿಲ್ಲಿಸಿ ಮನೆವಾರ್ತೆ ಕೇಳಿದರೆ ನೋಡುತ್ತಾರಲ್ಲ ಹಾಗೆ, ನೀವು ಕೇಳುವುದಾ ಪಪ್ಪಾ, ಅಂದಳು. ಅಷ್ಟೇ. ಅಷ್ಟರಲ್ಲಿ ಸ್ಯಾಮ್ಸನ್ ಬಂದ, ಬ್ರೌನ್ ಬೇಡ ಕಪ್ಪು ತೆಗೆದುಕೊ ಅಂದ, ಕಪ್ಪು ಬಂತು. ನಾಚಿಕೆ ಅವಳಿಗೆ, ಪಾಪ, ತಂದೆಯ ಹತ್ತಿರ ಇದನ್ನೆಲ್ಲ ಹೇಗೆ ಹೇಳುವುದು ಅಂತ ನಾಚಿಕೆ, ಪಾಸ್ಕಲ್ ಹಾಗೆಯೇ ತಿಳಿದದ್ದು, ತಿಳಿದು ಇನ್ನೂ ಹೆಚ್ಚು ಕುದಿದದ್ದು, ಹೇಳಲಿಕ್ಕೂ ಆಗದಷ್ಟು ಹೆದರಿಸಿ ಇಟ್ಟಿದ್ದಾನೆ ನನ್ನ ಹುಡುಗಿಯನ್ನು, ನನ್ನ ಹುಡುಗಿ, ಇಗರ್ಜಿಯ ಹಬ್ಬಕ್ಕೆ ಹೆಗಲ ಮೇಲೆ ಕೂರಿಸಿಕೊಂಡು ಹೋದವಳು, ಜ್ವರ ಬಂದಾಗ ಕಾರ್ಕಳ ಪೇಟೆಯವರೆಗೆ ಮಳೆಯಲ್ಲಿ ಎತ್ತಿಕೊಂಡು ಓಡಿದ್ದು, ಒಬ್ಬಳೇ ಮಗಳು, ಅವಳಿಗೋಸ್ಕರ ಪ್ರಾಣ ಕೊಡಲಿಕ್ಕೂ ಸೈ ತೆಗೆಯಲಿಕ್ಕೂ ಸೈ. ನಿನ್ನೆ ಇಡೀ ದಿನ ಚೂರಿ ಮಸೆದ. ಅಷ್ಟು ಮಸೆಯುವ ಅಗತ್ಯ ಹಂದಿಗೆ ಇರಲಿಲ್ಲ.

ಪಪ್ಪಾ, ಹಾಕಿ ಮಾರ್ರೆ, ಕಾಲು ಜೋಮು ಹಿಡಿಯಿತು — ಸ್ಯಾಮ್ಸನ್ ನಗುತ್ತ ಹೇಳುತ್ತಿದ್ದಾನೆ, ದೇವದಾಸನೂ ನಗುತ್ತಾನೆ, ಕ್ರಿಶ್ಚನರನ್ನು ಅವನು ಕರೆಯುವುದೇ ಹಾಗೆ, ಎಂತ ಪೊರ್ಬುಗಳೇ, ಇವತ್ತು ಮಂತ್ರ ಉದ್ದ ಆಯಿತಲ್ಲ, ಅಡುಗೆಮನೆಯಿಂದ ಕೊತ್ತಂಬರಿ ಮೆಣಸು ಹುರಿಯುವ ಘಾಟು, ಟೀನಾ ಸೀನಿದ್ದು ಕೇಳಿಸುತ್ತದೆ, ಹೆಬ್ಬೆರಳಿನ ಅಡಿಯಲ್ಲಿ ಡಬಡಬ, ಪಾಸ್ಕಲ್ ಶಿಲುಬೆಯ ಗುರುತು ಮಾಡಿ ಚೂರಿ ಎತ್ತಿದ, ಆಗ ಹಂದಿ ಒಮ್ಮೆ ಹಿಂಗಾಲು ಝಾಡಿಸಿತು, ಸ್ಯಾಮ್ಸನ್ ಮುಷ್ಟಿ ಕಟ್ಟಿ ಅದರ ಪಕ್ಕೆಗೆ ಗುದ್ದಿದ, ಒಂದು, ಎರಡು, ಹಲ್ಲು ಕಚ್ಚಿ, ಸುಮ್ಮನಿರು ಅಂದರೆ ಸುಮ್ಮನಿರಬೇಕು, ಮೂರು. ಹೊಡೆಯಬೇಡ. ಅಂದದ್ದು ಬಾಯಿಯಿಂದ ಬಂತೋ ಇಲ್ಲವೋ, ಕೈ ಇಳಿಯಿತು, ಇಳಿದದ್ದು ಎಲ್ಲಿಗೆ, ಎಲುಬಿಗೆ ತಾಗಿ ಕರ್ ಅಂದಿತು, ಬೊಬ್ಬೆ, ಕಿವಿ ಹರಿಯುವ ಬೊಬ್ಬೆ, ಮೂವತ್ತೆರಡು ವರ್ಷದಲ್ಲಿ ಕೇಳದ ಬೊಬ್ಬೆ, ಹಗ್ಗ ದೇವದಾಸನ ಅಂಗೈ ಸುಲಿದು ಹಾರಿತು, ಹಂದಿ ಎದ್ದು ರಕ್ತ ಚೆಲ್ಲುತ್ತ ಸ್ಯಾಮ್ಸನನನ್ನು ಕೆಸರಿಗೆ ಕೆಡವಿ ಅವನ ಮೇಲೆಯೇ ಹತ್ತಿ ಬಾಳೆಯ ಬುಡದ ಕಡೆ ಓಡಿತು, ದೇವದಾಸ ಅದರ ಹಿಂದೆ, ಪಾಸ್ಕಲನೂ ಓಡಬೇಕಿತ್ತು, ಚೂರಿ ಅವನ ಕೈಯಲ್ಲೇ ಉಂಟು, ಓಡಲಿಲ್ಲ. ಸ್ಯಾಮ್ಸನ್ ಅಂಗಾತ ಬಿದ್ದಿದ್ದಾನೆ, ಮೂಗಿನಿಂದ ರಕ್ತ, ಪಪ್ಪಾ ಕೈ ಕೊಡಿ ಅಂತ ಆ ಬಲಗೈಯನ್ನು ಚಾಚಿದ. ಪಾಸ್ಕಲ್ ಆ ಕೈಯ ಮೇಲೆ ಕಾಲಿಟ್ಟ. ಆಮೇಲೆ ಮೊಣಕಾಲನ್ನು ಎದೆಯ ಮೇಲಿಟ್ಟ. ಎಡಗೈಯ ಹೆಬ್ಬೆರಳು ತನ್ನಷ್ಟಕ್ಕೇ ಅವನ ಕುತ್ತಿಗೆಯ ಗುಂಡಿಯನ್ನು ಹುಡುಕಿಕೊಂಡಿತು, ಅಲ್ಲಿಂದ ನಾಲ್ಕು ಬೆರಳು ಕೆಳಗೆ, ಅದೇ ಡಬಡಬ, ಯಾವ ವ್ಯತ್ಯಾಸವೂ ಇಲ್ಲ, ಮನುಷ್ಯನಿಗೂ ಅಲ್ಲೇ ಇರುವುದು. ಹಳದಿ ಒಂದು ಇಪ್ಪತ್ತಕ್ಕೆ ಹೊಡೆದದ್ದು, ನೀಲಿ ಒಂದು ಇಪ್ಪತ್ತೈದಕ್ಕೆ, ಊಟ ಆದ ಮೇಲೆ, ಹೌದಾ ಅಲ್ವಾ, ನನಗೆ ತಾರೀಕು ಹೇಳಲು ಬರುತ್ತದೆ, ನನ್ನ ಅನ್ನ ತಿಂದು ನನ್ನ ಮನೆಯಲ್ಲಿ ನನ್ನ ಮಗಳಿಗೆ, ಅವಳು ನಿನ್ನ ಜೊತೆ ಬರುವುದಿಲ್ಲ, ಬಹರೈನಿಗೆ ನಿನ್ನ ಹೆಣ ಹೋಗಲಿ, ಅನ್ನುತ್ತ ಚೂರಿಯ ತುದಿಯನ್ನು ಒತ್ತಿದ, ಬನಿಯನ್ನು ಹರಿಯಿತು, ಸ್ಯಾಮ್ಸನನ ಕಣ್ಣು ಹಂದಿಯದ್ದೇ ಆಯಿತು, ಬಿಳಿ ಮಾತ್ರ, ಪಪ್ಪಾ, ಪಪ್ಪಾ, ತಪ್ಪಾಯಿತು ಪಪ್ಪಾ, ಕಾಲಿನ ನಡುವೆ ಬರ್ಮುಡಾ ಒದ್ದೆಯಾಗುತ್ತಿದೆ, ಎಂಥ ಸುಖ, ದೇವರೇ, ಎಂಥ ಸುಖ ಇದು, ಮೈಯ ಒಂದೊಂದು ನರದಲ್ಲಿ, ಎಷ್ಟು ವರ್ಷ ಆಯಿತು ಇದು ಸಿಗದೆ.

ಅಡುಗೆಮನೆಯ ಬಾಗಿಲು ಬಡಿದುಕೊಂಡಿತು, ಇಮೆಲ್ಡಾ ಸೌಟು ಹಿಡಿದುಕೊಂಡೇ ಬಂದಳು, ಅವಳ ಹಿಂದೆ ಟೀನಾ. ಪೊರ್ಬುಗಳೇ ಬಿಡಿ, ಜೈಲಿಗೆ ಹೋಗುತ್ತೀರಿ, ದೇವದಾಸ ಬಾಳೆಯ ಬುಡದಿಂದ ಕೂಗುತ್ತಿದ್ದಾನೆ. ನೋಡು ಮಗಾ, ಪಾಸ್ಕಲ್ ಹೇಳಿದ, ಚೂರಿ ಎತ್ತಿ ತೋರಿಸಿ ಹೇಳಿದ, ನೋಡು ನಿನ್ನ ಪಪ್ಪಾ ಇದ್ದಾನೆ, ಇನ್ನು ಯಾರೂ ನಿನ್ನನ್ನು ಮುಟ್ಟುವುದಿಲ್ಲ. ಈಗ ಅವಳು ಎರಡರಲ್ಲಿ ಒಂದು ಮಾಡುತ್ತಾಳೆ, ಗಂಡನ ಮೇಲೆ ಬಿದ್ದು ಬಿಡಿ ಬಿಡಿ ಅಂತ ಅಳುತ್ತಾಳೆ, ಹೆಂಗಸರು ಹಾಗೆ, ಅಥವಾ ಓಡಿ ಬಂದು ತಂದೆಯ ಹೆಗಲಿಗೆ ಮುಖ ಒರಗಿಸುತ್ತಾಳೆ, ಅದಕ್ಕೆ ಅಂತ ಹೆಗಲು ಸ್ವಲ್ಪ ತಗ್ಗಿಸಿದ್ದೂ ಹೌದು. ಟೀನಾ ಸ್ಯಾಮ್ಸನನ ಕಡೆ ನೋಡಲೇ ಇಲ್ಲ. ಚೂರಿ ನೋಡಿದಳು, ತಂದೆಯ ಮುಖ ನೋಡಿದಳು, ಇಮೆಲ್ಡಾಳನ್ನು ಹಿಂದಕ್ಕೆ ತಳ್ಳಿ ಗೋಡೆಗೆ ಒತ್ತಿ ಅವಳಿಗೆ ಅಡ್ಡ ನಿಂತಳು, ಎರಡೂ ಕೈ ಅಗಲಕ್ಕೆ ಚಾಚಿ. ಎಂತಕ್ಕೆ, ಇಮೆಲ್ಡಾಳಿಗೆ ಯಾರು ಎಂತ ಮಾಡಿದ್ದಾರೆ, ಚೂರಿ ಇರುವುದು ಇಲ್ಲಿ, ಇವನ ಎದೆಯ ಮೇಲೆ, ಹುಚ್ಚು ಹುಡುಗಿ, ಅತ್ತ ಯಾಕೆ, ಎರಡೂ ಕೈ ಚಾಚಿ, ತೋಳು ಮೇಲೆ ಸರಿದು ನೀಲಿ ಹಳದಿ ಎಲ್ಲ ಕಾಣುತ್ತ ಉಂಟು, ಮುಚ್ಚಿಕೊಳ್ಳುವುದಿಲ್ಲ, ಕಣ್ಣು ರೆಪ್ಪೆ ಬಡಿಯುವುದಿಲ್ಲ. ಮಗಾ, ನೀನು ಇವನ ಜೊತೆ ಹೋಗಬೇಡ, ಇಲ್ಲೇ ಇರು. ಇವನ ಜೊತೆ ಹೋಗುವುದಿಲ್ಲ ಪಪ್ಪಾ, ನಿಮ್ಮ ಜೊತೆ ಇರುವುದೂ ಇಲ್ಲ, ಮಮ್ಮಿಯನ್ನು ಕರೆದುಕೊಂಡು ಹೋಗುತ್ತೇನೆ, ಚೂರಿ ಕೆಳಗೆ ಹಾಕಿ ದಾರಿ ಬಿಡಿ. ಇಮೆಲ್ಡಾ ಅವಳ ಬೆನ್ನಿನ ಹಿಂದಿನಿಂದ ಬೇಡ ಅನ್ನಲಿಲ್ಲ, ಯಾವತ್ತೂ ಬೇಡ ಅನ್ನುವವಳು, ಸೌಟನ್ನು ಮೆಲ್ಲ ಕಿಟಕಿಯ ದಂಡೆಯಲ್ಲಿಟ್ಟಳು. ಹಂದಿಯ ಬೊಬ್ಬೆ ನಿಂತಿದೆ, ಎಲ್ಲೋ ಬಿದ್ದಿರಬೇಕು, ಯಾರಾದರೂ ನೋಡಬೇಕು, ರಕ್ತ ಹಾಳಾಗುತ್ತದೆ, ಟೀನಾ ಎರಡೂ ಕೈ ಚಾಚಿ ನಿಂತಿದ್ದಾಳೆ, ಹೀಗೆ ನಿಂತದ್ದನ್ನು ಎಲ್ಲಿ ನೋಡಿದ್ದು, ನೋಡಿದ್ದು ಉಂಟು, ಇದೇ ಗೋಡೆ, ಆಗ ಸುಣ್ಣ ಬಳಿದದ್ದು, ಆರು ವರ್ಷ ಅವಳಿಗೆ, ಬಿಳಿ ಪೆಟಿಕೋಟು, ಮಂಡೆ ಇಮೆಲ್ಡಾಳ ಸೊಂಟಕ್ಕೆ ಬರುತ್ತಿತ್ತು, ಇಮೆಲ್ಡಾಳ ಬಾಯಿ ತುಂಬ ರಕ್ತ, ಪಪ್ಪಾ ಬೇಡ, ಎರಡೂ ಕೈ ಚಾಚಿ, ಬಾವಿಕಟ್ಟೆ ಅಲ್ಲ, ಇಲ್ಲಿ, ಈ ಗೋಡೆಯಲ್ಲಿ, ತಾನು ಆಗ ನಿಲ್ಲಿಸಿದೆನಾ, ನಿಲ್ಲಿಸಿರಬೇಕು, ಅಷ್ಟು ಚಿಕ್ಕ ಮಗು ಎದುರು ನಿಂತರೆ ಯಾರು ನಿಲ್ಲಿಸುವುದಿಲ್ಲ — ನಿಲ್ಲಿಸಲಿಲ್ಲ, ಮಗುವಿನ ತೋಳನ್ನು ಹಿಡಿದು ಪಕ್ಕಕ್ಕೆ ಎಸೆದದ್ದು, ಮೊಣಕೈಯ ಮೇಲೆ, ನಾಲ್ಕು ಬೆರಳು ಈ ಕಡೆ, ಹೆಬ್ಬೆರಳು ಆ ಕಡೆ, ಮರುದಿನ ಶಾಲೆಗೆ ಇಮೆಲ್ಡಾ ಅವಳಿಗೆ ಸ್ವೆಟರ್ ಹಾಕಿ ಕಳಿಸಿದ್ದು, ಆರು ವರ್ಷ,

ಎರಡೂ ಕೈ ಚಾಚಿ, ಕಣ್ಣು ಇತ್ತ, ಇವನ ಕಡೆ ಅಲ್ಲ, ತನ್ನ ಕಡೆ,

ಎರಡೂ ಕೈ ಚಾಚಿ